ಮೂವತ್ತೆರಡನೇ ಗಂಟು

ಹೆಬ್ಬಾಳದ ಮೇಲುಸೇತುವೆಯಿಂದ ಕಾಣುವುದಿಲ್ಲ ನಮ್ಮ ಕೆರೆ.
ದೇವನಹಳ್ಳಿಗೆ ಇಳಿಯುವ ವಿಮಾನದಿಂದ ಕಂಡೀತು,
ತೊಳೆದು ಬೋರಲು ಹಾಕಿದ ತಟ್ಟೆಯ ಹಾಗೆ.

ಬೆಳಗಿನ ನಾಲ್ಕೂವರೆಗೆ ಮುನಿಹೊನ್ನಪ್ಪ ತೆಪ್ಪ ತಳ್ಳುತ್ತಾನೆ.
ಆಚೆ ದಡದ ಹದಿನಾಲ್ಕನೇ ಮಹಡಿಯಲ್ಲಿ ಒಂದೇ ದೀಪ,
ನೀರಿಗೆ ಬಿದ್ದು ಅದೂ ನಡುಗುತ್ತದೆ.
ಏರಿಯ ಮೇಲೆ ಕೂತು ನಾನು
ನಿನ್ನೆ ಹರಿದ ಬಲೆಗೆ ಕಣ್ಣು ಕೊಡುತ್ತೇನೆ:
ಮೂರು ಬೆರಳು ತೂರುವಷ್ಟು, ಅದಕ್ಕಿಂತ ಸಣ್ಣದಲ್ಲ.
ಮರಿ ದಾಟಿಕೊಳ್ಳಲಿ, ಬಲಿತದ್ದು ನಿಲ್ಲಲಿ.
ಮರಿ ಹಿಡಿದವನ ಒಲೆ ಮುಂದಿನ ವರ್ಷ ಹೊಗೆಯಾಡದು
ಅನ್ನುತ್ತಿದ್ದಳು ನನ್ನತ್ತೆ.

ಮೊದಲು ಬ್ಯಾಂಕಿಗೇ ಹೋಗಿದ್ದೆ.
ಗಾಜಿನಾಚೆಯ ಹುಡುಗ ಕೇಳಿದ, ಮರ್ಯಾದೆಯಾಗೇ,
"ಅಡಮಾನಕ್ಕೆ ಏನಿದೆ ಅಮ್ಮಾ?"
ಕೆರೆ, ಅಂದೆ.
ನಗಲಿಲ್ಲ, ಅದು ಅವನ ದೊಡ್ಡತನ.
"ಯಾರ ಹೆಸರಲ್ಲಿದೆ?"
ನೀರು ಒಬ್ಬರದು, ಏರಿ ಇನ್ನೊಬ್ಬರದು,
ಮೀನು ಹರಾಜು ಕೂಗಿದವನದು,
ಒದ್ದೆಯಾಗುವ ಕಾಲು ನಮ್ಮದು.

ಹಾಗಾಗಿ ಸಂಘ. ಮಂಗಳವಾರ, ಹೊಂಗೆ ಮರದಡಿ,
ಹತ್ತು ಹೆಂಗಸರು.
ಒಬ್ಬಳು ತಪ್ಪಿದರೆ ಒಂಬತ್ತು ಮುಖ ಅವಳ ಕಡೆಗೆ.
ಇಪ್ಪತ್ತು ಸಾವಿರಕ್ಕೆ ಹೆಬ್ಬೆಟ್ಟು ಒತ್ತಿದೆ,
ಕೈಗೆ ಬಂದದ್ದು ಹತ್ತೊಂಬತ್ತು ಸಾವಿರದ ಇನ್ನೂರು.
ಉಳಿದದ್ದು ಕಾಗದದ ಖರ್ಚಂತೆ, ವಿಮೆಯಂತೆ.
ಯಾರು ಸತ್ತರೆ ಯಾರಿಗೆ, ಕೇಳಲು ಬಾಯಿ ಬರಲಿಲ್ಲ.
ವಾರಕ್ಕೆ ನಾನೂರೈವತ್ತು, ಐವತ್ತು ವಾರ.
"ನೂರಕ್ಕೆ ಹನ್ನೆರಡೂವರೆ, ಅಷ್ಟೇ."

ಎರಡು ನೈಲಾನ್ ಬಲೆ, ಒಂದು ಐಸ್ ಪೆಟ್ಟಿಗೆ ಬಂತು.
ಹಸಿರು ದಾರ ಎರಡು ಮೊಳ ಕೊಯ್ದು ಗೂಟಕ್ಕೆ ಕಟ್ಟಿದೆ,
ಕಂತಿಗೊಂದು ಗಂಟು.
ನನಗೆ ಗೊತ್ತಿದ್ದ ಬರವಣಿಗೆ ಅದೊಂದೇ.

ಹದಿನೇಳನೇ ವಾರ ಮಳೆ ಬಂತು, ಮಳೆಗಿಂತ ಮೊದಲು ಮೋರಿ ಬಂತು.
ಕಾಟ್ಲಾ, ರೋಹು, ಹೆಸರಿಲ್ಲದ ಪುಡಿಮೀನು
ಹೊಟ್ಟೆ ಮೇಲಾಗಿ ತೇಲಿದವು, ದಡ ಬೆಳ್ಳಗಾಯಿತು.
ನಡೆಯಲು ಬಂದವರು ಮೂಗು ಮುಚ್ಚಿ ಫೋಟೋ ತೆಗೆದರು.
ಮಂಗಳವಾರ ಮಾತ್ರ ಸಾಯಲಿಲ್ಲ.
ಸಾಲದಲ್ಲಿ ಕೊಂಡ ಪೆಟ್ಟಿಗೆ ಮಾರಿ ಸಾಲದ ಕಂತು ಕಟ್ಟಿದೆ.
ಐಸಿಡಲು ಮೀನೇ ಇರಲಿಲ್ಲ ಬಿಡಿ.
ಆ ವಾರದ ಗಂಟನ್ನು ಜೋಡಿಗಂಟು ಹಾಕಿದೆ.

ಮೊನ್ನೆ ವಸೂಲಿಗೆ ಹೊಸಬ, ಕೈಲಿ ಫೋನು.
"ನಿಮ್ಮದು ಮೂವತ್ತೊಂದಾಗಿದೆ."
ನನ್ನ ದಾರ ಮೂವತ್ತೆರಡು ಅಂತು.
"ಕಂಪ್ಯೂಟರ್ ತಪ್ಪು ಹೇಳಲ್ಲಮ್ಮ."
ಅವನ ಅಂಗೈಗೆ ದಾರ ಇಟ್ಟೆ. ಎಣಿಸಪ್ಪ.
ಮೀನಿನ ವಾಸನೆಗೆ ಮುಖ ಕಿವುಚಿಕೊಂಡೇ ಎಣಿಸಿದ,
ಎರಡು ಸಲ.
ಜೋಡಿಗಂಟಿನ ಹತ್ತಿರ ಬೆರಳು ನಿಂತಿತು.
ಫೋನಿನಲ್ಲಿ ಹಿಂದೆ ಹಿಂದೆ ಹೋದ,
ಆ ವಾರದ ನನ್ನ ದುಡ್ಡು ಮೇಲಿನ ಸಾಲಿಗೆ ಹತ್ತಿತ್ತು,
ಕದಿರಮ್ಮನ ಹೆಸರಿಗೆ.

ಕದಿರಮ್ಮ ಸೆರಗಿನ ತುದಿ ಮಡಿಸುತ್ತ ನೆಲ ನೋಡಿದಳು.
ಗೊತ್ತಿತ್ತೋ ಇಲ್ಲವೋ, ಕೇಳಲಿಲ್ಲ.
ಅವಳ ಮನೆಯ ಮುಂದೂ ಆ ವಾರ ನಾರಿದ್ದು ಇದೇ ಕೆರೆ.

ಸಂಜೆ ಅವಳ ಮಗಳು ಬಂದಳು, ಕಾಮರ್ಸ್ ಓದುವವಳು,
ಸಿಮೆಂಟ್ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದಳು.
"ಅರ್ಧ ತೀರಿಸಿದ ಮೇಲೂ ನೀನು
ಪೂರ್ತಿ ಸಾಲಕ್ಕೇ ಬಡ್ಡಿ ಕಟ್ತಿದ್ದೀಯ ಚಿಕ್ಕಮ್ಮ.
ಹನ್ನೆರಡೂವರೆ ಅಲ್ಲ, ಇಪ್ಪತ್ತೈದರ ಹತ್ತಿರ."
ಅಂಕಿಗಳು ನನಗೆ ಪೂರಾ ಹಿಡಿಯಲಿಲ್ಲ.
ಆದರೆ ಬಲೆಯನ್ನು ಬೆಳಕಿಗೆ ಎತ್ತಿ ನೋಡಿದವಳು ನಾನು,
ಇದರ ಕಣ್ಣು ಸಣ್ಣದು, ಅಂದೆ.
ಅವಳು ಸೀಮೆಸುಣ್ಣ ಕೆಳಗಿಟ್ಟು ನಕ್ಕಳು. "ಹ್ಞೂ. ಅದೇ."

ಹದಿನೆಂಟು ವಾರ ಉಳಿದಿದೆ. ಕಟ್ಟುತ್ತೇನೆ.
ಕಟ್ಟಿದ ಮೇಲೆ ಚೀಟಿ ಕೇಳುತ್ತೇನೆ,
ಚೀಟಿಯ ಮೇಲಿನ ಹೆಸರನ್ನು ಹುಡುಗಿಗೆ ತೋರಿಸುತ್ತೇನೆ.

ಇವತ್ತು ಬುಟ್ಟಿ ಎತ್ತಿದ ನನ್ನ ಕೈ ಆರು ಕೆಜಿ ಅಂದಿತ್ತು.
ಗುತ್ತಿಗೆದಾರನ ತಕ್ಕಡಿ ಐದೂಕಾಲು ಅಂದಿತು.
ಏನೂ ಅನ್ನಲಿಲ್ಲ.
ಮನೆಗೆ ಬಂದು, ಹಸಿರಿನ ಪಕ್ಕ
ಕೆಂಪು ದಾರವೊಂದು ಗೂಟಕ್ಕೆ ಕಟ್ಟಿ
ಮೊದಲ ಗಂಟು ಹಾಕಿದೆ.